ಮುಂಗಡ ಕೊಡುವ ಮೊದಲು ಇಷ್ಟು ಕೇಳ್ರಿ



ತೊಗರಿ ರಾಶಿ ಮುಗಿದು ನಾಲ್ಕು ದುಡ್ಡು ಕೈಗೆ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆಮನೆಯಲ್ಲೂ ಮದುವೆಯ ಮಾತು. ಬಂಗಾರಕ್ಕೆ ನಾಲ್ಕು ಅಂಗಡಿ ಹತ್ತಿ ಇಳಿಯುತ್ತೀರಿ. ಸೀರೆಯ ಸೆರಗು ತಿರುವಿ ನೋಡುತ್ತೀರಿ. ಅಡುಗೆಯವರ ಕೈರುಚಿ ವಿಚಾರಿಸದೆ ಮಾತು ಕೊಡುವುದಿಲ್ಲ. ಆದರೆ ವಿಡಿಯೋದವರ ವಿಷಯ ಬಂದಾಗ? "ಅಳಿಯನ ದೋಸ್ತ ಇದ್ದಾನ, ಕಡಿಮಿಯೊಳಗ ಮಾಡ್ತಾನ" ಎಂದು ಯಾರೋ ಅಂದರೆ ಸಾಕು, ಮುಗಿಯಿತು!

ಸಾರಿಗೆ ಉಪ್ಪು ಕಡಿಮೆಯಾದರೆ ಮೇಲೆ ಹಾಕಬಹುದು. ಅಕ್ಕಿಕಾಳು ಬಿದ್ದ ಗಳಿಗೆ ಮತ್ತೆ ಬರುತ್ತದೆಯೇ? ಅಂದು ಹಂದರದಲ್ಲಿ ಕೂತು ಸೋಬಾನೆ ಹೇಳಿದ ಅಜ್ಜಿ ಮುಂದಿನ ಮದುವೆಗೆ ಇರುತ್ತಾಳೆಂದು ಯಾರು ಹೇಳಬೇಕು? ಅದಕ್ಕೇ ಈ ಸಲ ನಮ್ಮ ಮಾತು ವಿಡಿಯೋದವರನ್ನು ಗೊತ್ತುಮಾಡುವ ಬಗ್ಗೆ.

ಮದುವೆ ವಿಡಿಯೋ ತೆಗೆಯಲು ಇಂಥದೇ ಪರೀಕ್ಷೆ ಪಾಸಾಗಿರಬೇಕೆಂಬ ಕಾಯ್ದೆಯಿಲ್ಲ. ಕ್ಯಾಮೆರಾ ಕೊಂಡವರು ಮರುದಿನವೇ ಬೋರ್ಡು ಹಾಕಬಹುದು. ಕಲಿಸುವವರು ಇಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿ 1943ರಲ್ಲೇ ಬೆಂಗಳೂರಿನಲ್ಲಿ ಈ ವಿದ್ಯೆಯ ಸರ್ಕಾರಿ ತರಗತಿ ಶುರುವಾಯಿತು. ಅದೇ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ. 'ಪ್ಯಾಸಾ' ಚಿತ್ರದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಆ ತರಗತಿಯಲ್ಲೇ ಕಲಿತವರು. ನಮ್ಮೂರ ಹುಡುಗರಲ್ಲಿ ಹೆಚ್ಚಿನವರು ಸ್ಟುಡಿಯೋದಲ್ಲಿ ದುಡಿಯುತ್ತಲೇ ಕಲಿತವರು. ಅದೂ ಕಡಿಮೆಯಲ್ಲ. ಪ್ರಮಾಣಪತ್ರ ಇದ್ದರೆ ಒಳ್ಳೆಯದು, ಆದರೆ ನೋಡಬೇಕಾದದ್ದು ಕೆಲಸ.

ಅದನ್ನು ನೋಡುವುದು ಹೇಗೆ? ಹಾಡು ಹಾಕಿ ಕತ್ತರಿಸಿದ ಮೂರು ನಿಮಿಷದ ತುಣುಕು ನೋಡಿ ಮರುಳಾಗಬೇಡಿ. ಒಂದು ಮದುವೆಯ ಪೂರ್ತಿ ವಿಡಿಯೋ ಕೇಳಿ, ಅದೂ ನಮ್ಮ ಕಡೆಯ ಮಧ್ಯಾಹ್ನದ ಮುಹೂರ್ತದ್ದು. ಹಂದರದ ಕೆಂಪು, ಹಳದಿ ಬಟ್ಟೆಯಿಂದ ಬಿಸಿಲು ಸೋಸಿ ಬಂದು ಮದುಮಗಳ ಮುಖಕ್ಕೆ ಬಣ್ಣ ಬಳಿದಂತೆ ಕಾಣುತ್ತದೆ. ಬಲ್ಲವರು ಕ್ಯಾಮೆರಾದಲ್ಲಿ ಅದನ್ನು ಸರಿಪಡಿಸುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿನುಗುತ್ತಿದೆಯೇ ನೋಡಿ. ನಮ್ಮ ಕರೆಂಟು 50 ಹರ್ಟ್ಸಿನದು. ಸೆಕೆಂಡಿಗೆ 25 ಇಲ್ಲವೇ 50 ಚಿತ್ರಗಳಂತೆ ತೆಗೆದರೆ ಮಿನುಗು ತಗ್ಗುತ್ತದೆ. ಇನ್ನು ಸದ್ದು. ಬ್ಯಾಂಡಿನ ಅಬ್ಬರದಲ್ಲಿ ಮಂತ್ರ ಕೇಳದಿದ್ದರೆ, ಅವರ ಬಳಿ ಬೇರೆ ಮೈಕು ಇಲ್ಲವೆಂದೇ ತಿಳಿಯಿರಿ.

ನಂತರ ಈ ನಾಲ್ಕು ಪ್ರಶ್ನೆ ಕೇಳಿ. ಸಂಕೋಚ ಬೇಡ.

ಒಂದು, ನೀವೇ ಬರ್ತೀರೋ, ಬೇರೆಯವರನ್ನು ಕಳಿಸ್ತೀರೋ? ಒಂದೇ ಮುಹೂರ್ತಕ್ಕೆ ಮೂರು ಮದುವೆ ಒಪ್ಪಿಕೊಳ್ಳುವವರೂ ಇದ್ದಾರೆ.

ಎರಡು, ಕ್ಯಾಮೆರಾ ಕೈಕೊಟ್ಟರೆ ಇನ್ನೊಂದು ಇದೆಯೇ? ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವ ಬಿಸಿಲು. ಮನುಷ್ಯರಂತೆ ಕ್ಯಾಮೆರಾಕ್ಕೂ ಝಳ ಬಡಿಯುತ್ತದೆ, ನಡುವೆಯೇ ನಿಂತುಬಿಡುತ್ತದೆ.

ಮೂರು, ಒಂದೇ ಸಲಕ್ಕೆ ಎರಡು ಕಾರ್ಡಿನಲ್ಲಿ ದಾಖಲಾಗುತ್ತದೆಯೇ? ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ.

ನಾಲ್ಕು, ಡ್ರೋನ್ ಹಾರಿಸುತ್ತೇವೆಂದರೆ ಕಾಗದ ತೋರಿಸಲಿ. 2021ರ ನಿಯಮದಂತೆ, 250 ಗ್ರಾಂ ಮೀರಿದ ಡ್ರೋನನ್ನು ದುಡಿಮೆಗಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವೂ ಡ್ರೋನಿಗೆ ನೋಂದಣಿಯೂ ಬೇಕು.

ಅಕ್ಕಲಕೋಟೆ, ಸೊಲ್ಲಾಪುರದಿಂದ ಕರೆಸುವವರು ಇನ್ನೊಂದು ನೆನಪಿಡಿ. ಅವರಿಗೆ ನಮ್ಮ ಪದ್ಧತಿ ಗೊತ್ತಿರಲಿಕ್ಕಿಲ್ಲ. ಸುರಗಿ ಯಾವಾಗ, ಅಕ್ಕಿಕಾಳು ಯಾವಾಗ ಎಂದು ಸಮಯದೊಂದಿಗೆ ಬರೆದುಕೊಡಿ. ಸುರಗಿ ನೀರಿನ ಹೊತ್ತಿಗೆ, ನಿಕಾಹದ ಮನೆಯಲ್ಲಿ ಹೆಂಗಸರ ಕಡೆಗೆ, ಕ್ಯಾಮೆರಾ ಹಿಡಿಯಲು ಹೆಣ್ಣುಮಗಳೇ ಬೇಕೆಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ.

ಅದರ ಜೊತೆಗೇ ಮುಖಗಳ ಪಟ್ಟಿಯನ್ನೂ ಕೊಡಿ. ಎಷ್ಟು ಮನೆಯ ವಿಡಿಯೋದಲ್ಲಿ ನೋಡಿಲ್ಲ! ವೇದಿಕೆಯ ಮೇಲೆ ಶಾಲು ಹೊದಿಸುವ ಗಣ್ಯರೇ ಅರ್ಧ ತಾಸು. ಹೋಳಿಗೆ ಬೇಯಿಸಿದ ಚಿಕ್ಕಮ್ಮ ಇಲ್ಲ, ಎದ್ದು ಬರಲಾರದೆ ಒಳಕೋಣೆಯಲ್ಲಿ ಕೂತ ಅಜ್ಜಿ ಇಲ್ಲ. ಮಗಳ ತಾಯಿಯಂತೂ ಓಡಾಡುವ ಬೆನ್ನಾಗಿ ಮಾತ್ರ ಕಾಣುತ್ತಾಳೆ. ಮನೆಯ ಒಬ್ಬ ಜಾಣ ಹುಡುಗಿಯನ್ನು ವಿಡಿಯೋದವರ ಜೊತೆ ಬಿಡಿ. ಇವರು ಅತ್ತೆ, ಇವರು ಸೋದರಮಾವ ಎಂದು ತೋರಿಸಲಿ. ಅಜ್ಜಿ ಹಾಡುವಾಗ ಐದು ನಿಮಿಷ ಡಿಜೆ ನಿಲ್ಲಿಸಿ. ಹಾಡು ಉಳಿಯಬೇಕಲ್ರೀ!

ಬಾಯಿಮಾತು ಸಾಲದು, ಒಂದು ಹಾಳೆಯ ಕರಾರು ಇರಲಿ. ದಿನ, ಸಮಯ, ಎಷ್ಟು ಕ್ಯಾಮೆರಾ, ಯಾರು ಬರುತ್ತಾರೆ, ಪ್ರಯಾಣದ ಖರ್ಚು ಯಾರದು, ಎಷ್ಟು ದಿನದಲ್ಲಿ ಕೈಗೆ ಬರಬೇಕು, ಎಲ್ಲ ಬರೆಸಿ. ಕತ್ತರಿಸದ ಮೂಲ ದಾಖಲೆಯೂ ನಿಮಗೇ ಬೇಕೆಂದು ಸೇರಿಸಿ. ಹಣವನ್ನು ಮೂರು ಪಾಲು ಮಾಡಿ: ಒಂದು ಮುಂಗಡ, ಒಂದು ಮದುವೆಯ ದಿನ, ಕೊನೆಯದು ವಿಡಿಯೋ ನೋಡಿದ ಮೇಲೆ. ರಸೀದಿ ಮರೆಯಬೇಡಿ.

ಕಾಯ್ದೆಯ ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ದುಡ್ಡು ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮು ಹಾಗೆನ್ನುತ್ತದೆ. ಆದ್ದರಿಂದ ಅಚ್ಚಾದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. "ಮಗಳ ಚಿತ್ರವನ್ನು ನಮ್ಮ ಒಪ್ಪಿಗೆಯಿಲ್ಲದೆ ಇಂಟರ್‌ನೆಟ್ಟಿಗೆ, ಜಾಹೀರಾತಿಗೆ ಹಾಕಕೂಡದು" ಎಂಬ ಸಾಲು ಬರೆಸಿ. ಬರೆಸುವ ಮೊದಲು ಮಗಳನ್ನೂ ಕೇಳಿ, ಮುಖ ಅವಳದು.

ಹಣ ತೆಗೆದುಕೊಂಡು ವಿಡಿಯೋ ಕೊಡದೆ ಅಲೆದಾಡಿಸಿದರೆ? ಮೊದಲು ಬರಹದಲ್ಲಿ ನೋಟಿಸು ಕೊಡಿ. ಜಗ್ಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸಲಹೆಗೆ 1915 ಸಂಖ್ಯೆಗೆ ಫೋನು ಮಾಡಬಹುದು.

ಕೊನೆಯದಾಗಿ, ಕೈಗೆ ಬಂದದ್ದನ್ನು ಕಾಪಾಡುವುದು. 1980ರ ದಶಕದ ಮದುವೆ ಕ್ಯಾಸೆಟ್ಟುಗಳಿಗೆ ಎಷ್ಟೋ ಮನೆಯಲ್ಲಿ ಬೂಷ್ಟು ಹಿಡಿದಿದೆ. ನೋಡೋಣವೆಂದರೆ ವಿಸಿಆರ್ ತಯಾರಿಕೆಯೇ 2016ರಲ್ಲಿ ನಿಂತಿತು. ಇಂದಿನ 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್ಟಿನಂತೆ ತಾಸಿಗೆ 45 ಜಿಬಿ ಜಾಗ ನುಂಗುತ್ತದೆ. ಪೆನ್‌ಡ್ರೈವಿಗೆ ಮಾತ್ರ ನಂಬಿ ಕೂಡುವುದಲ್ಲ. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿಸಿ. ಒಂದು ತವರಿನಲ್ಲಿರಲಿ, ಒಂದು ಗಂಡನ ಮನೆಗೆ ಹೋಗಲಿ. ವರ್ಷಕ್ಕೊಮ್ಮೆ ಹಾಕಿ ನೋಡಿ, ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.