ಸತ್ತರೆ ಮಾತ್ರ ಪ್ರೀತೀನಾ?

ಬಿ.ಎಂ.ಶ್ರೀ. ಅವರ 'ಕಾರಿಹೆಗ್ಗಡೆಯ ಮಗಳು' ನಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿದ ಪದ್ಯ. ಅಪ್ಪನಿಗೆ ಹೆದರಿ ಪ್ರಿಯಕರನ ಜೊತೆ ಓಡಿಬಂದ ಹುಡುಗಿ, ಬಿರುಗಾಳಿ, ಮುಳುಗುವ ದೋಣಿ. ಇದರ ಮೂಲ ಸ್ಕಾಟ್ಲೆಂಡಿನ ಥಾಮಸ್ ಕ್ಯಾಂಬೆಲ್‌ನ ಕವನ. ರೊಮ್ಯಾಂಟಿಕ್ ಕಾವ್ಯ ಅಂದ್ರೆ ಪ್ರೇಮಿಗಳು ಕೊನೆಗೆ ಸಾಯಲೇಬೇಕು ಅನ್ನೋ ಕಲ್ಪನೆ ಅಲ್ಲಿಂದಲೇ ನಮ್ಮ ತಲೇಲಿ ಕೂತಿರಬೇಕು. ಹಾಸ್ಟೆಲಲ್ಲಿ ಯಾರಿಗಾದ್ರೂ ಬ್ರೇಕಪ್ ಆದ್ರೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಾಣೋದೂ ಅದೇ: ಪ್ರಾಣ ಕೊಟ್ಟವನದ್ದೇ ನಿಜವಾದ ಪ್ರೀತಿಯಂತೆ!

ನಾವಿದನ್ನು ಒಪ್ಪೋದಿಲ್ಲ. ನಮ್ಮ ಸಾಕ್ಷಿ ಜಾನ್ ಕೀಟ್ಸ್.

ಕೀಟ್ಸ್ ಕೂಡ ನಮ್ಮ ಹಾಗೆ 'ಪ್ರೊಫೆಷನಲ್ ಕೋರ್ಸ್' ಮಾಡಿದವನು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕಲಿತು, 1816ರಲ್ಲಿ ಪರವಾನಗಿ ಪಡೆದು, ಆಮೇಲೆ ವೈದ್ಯವೃತ್ತಿ ಬಿಟ್ಟು ಕಾವ್ಯಕ್ಕೆ ಬಂದ. ಸಾವು ಅವನಿಗೆ ಬರೀ ಉಪಮೆಯಾಗಿರಲಿಲ್ಲ. ತಮ್ಮ ಟಾಮ್ ಕ್ಷಯದಿಂದ ನರಳುವಾಗ ಆರೈಕೆ ಮಾಡಿದ್ದು ಇವನೇ. 1818ರ ಡಿಸೆಂಬರಿನಲ್ಲಿ ಆ ತಮ್ಮ ತೀರಿಕೊಂಡ. ಮರುವರ್ಷ ಪಕ್ಕದ ಮನೆಯ ಫ್ಯಾನಿ ಬ್ರಾನ್ ಜೊತೆ ನಿಶ್ಚಿತಾರ್ಥ. 1820ರ ಫೆಬ್ರವರಿಯ ಒಂದು ರಾತ್ರಿ ಕೆಮ್ಮಿದಾಗ ರಕ್ತ ಬಿತ್ತು. ಅದರ ಬಣ್ಣ ನೋಡಿಯೇ ತನ್ನ ಗತಿ ಏನಂತ ಅವನಿಗೆ ಗೊತ್ತಾಯಿತು. ವೈದ್ಯಕೀಯ ಓದಿದವನಲ್ವಾ?

ಸಾವಿನ ಸೆಳೆತದ ಬಗ್ಗೆ ಕೀಟ್ಸೇ ಬರೆದಿದ್ದಾನಲ್ಲ ಅಂತ ನೀವು ಕೇಳಬಹುದು. ನಿಜ. ನೈಟಿಂಗೇಲ್ ಹಕ್ಕಿಯ ಮೇಲಿನ ಕವನದಲ್ಲಿ ಆ ಮಾತಿದೆ. ಆದರೆ ಕವನ ಅಲ್ಲಿಗೇ ನಿಲ್ಲೋದಿಲ್ಲ. ತಾನು ಸತ್ತರೂ ಹಕ್ಕಿ ಹಾಡುತ್ತಲೇ ಇರುತ್ತದೆ, ಕೇಳೋಕೆ ತನಗೆ ಕಿವಿಯೇ ಇರೋದಿಲ್ಲ ಅನ್ನೋದು ಮುಂದಿನ ಸಾಲಿಗೇ ಅವನಿಗೆ ಹೊಳೆಯುತ್ತದೆ. ಸ್ಟೇಟಸ್ ಹಾಕುವವರು ಈ ಭಾಗ ಓದಿರೋದಿಲ್ಲ.

ಬದುಕಬೇಕು ಅಂತಲೇ ಅವನು ಇಟಲಿಗೆ ಹಡಗು ಹತ್ತಿದ್ದು. ರೋಮ್‌ನಲ್ಲಿದ್ದಾಗ ಫ್ಯಾನಿಯ ಪತ್ರಗಳನ್ನು ಒಡೆದು ಓದುವ ಧೈರ್ಯ ಅವನಿಗೆ ಬರಲಿಲ್ಲ. 1821ರ ಫೆಬ್ರವರಿ 23ರಂದು, 25ನೇ ವಯಸ್ಸಿನಲ್ಲಿ ತೀರಿಕೊಂಡ. ಒಡೆಯದ ಪತ್ರಗಳನ್ನು ಅವನ ಜೊತೆಗೇ ಮಣ್ಣು ಮಾಡಿದರು. ಇದರಲ್ಲಿ ವೈಭವ ಎಲ್ಲಿದೆ? ಇರೋದು ಬರೀ ನಷ್ಟ.

ಫ್ಯಾನಿ? ಅವಳು ಸಾಯಲಿಲ್ಲ. ವರ್ಷಗಟ್ಟಲೆ ದುಃಖ ಅನುಭವಿಸಿ, 1833ರಲ್ಲಿ ಮದುವೆಯಾದಳು, ಮೂರು ಮಕ್ಕಳನ್ನು ಸಾಕಿದಳು. ಕೀಟ್ಸ್‌ನ ಪತ್ರಗಳನ್ನು ಮಾತ್ರ ಕೊನೆವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅವಳ ಪ್ರೀತಿ ಸುಳ್ಳು ಅಂತ ಹೇಳೋಕೆ ಯಾರಿಗಾದರೂ ಬಾಯಿ ಬರುತ್ತಾ?

ಹಾಗಾಗಿ ಗೆಳೆಯರೇ, ಮುಂದಿನ ಸಲ ಪಕ್ಕದ ರೂಮಿನವನು ಅಂಥ ಸ್ಟೇಟಸ್ ಹಾಕಿದರೆ ಲೈಕ್ ಒತ್ತಿ ಸುಮ್ಮನಾಗಬೇಡಿ. ಹೋಗಿ ಬಾಗಿಲು ತಟ್ಟಿ, "ಬಾರೋ, ಟೀ ಕುಡಿಯೋಣ" ಅನ್ನಿ. ಕೀಟ್ಸ್ ಕಥೆ ಆಮೇಲೆ ಹೇಳಿದರಾಯ್ತು.