ಟಾಟಾ ಇನ್‌ಸ್ಟಿಟ್ಯೂಟಿನ ದಾರಿ ಜಿಲ್ಲೆಗಳಿಗೂ ತಿಳಿಯಲಿ

ಯಶವಂತಪುರ, ಮಲ್ಲೇಶ್ವರದ ಹಳಬರ ಬಾಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. 1909ರಲ್ಲಿ ಹುಟ್ಟಿದ ಆ ಸಂಸ್ಥೆಯ ಆವರಣದಲ್ಲಿ ತಿಂಗಳಿಗೆ 37,000 ರೂಪಾಯಿ ಪಡೆಯುತ್ತಾ ಪಿಎಚ್‌.ಡಿ. ಮಾಡುವವರಿದ್ದಾರೆ. ಈ ಸಂಗತಿ ನಮ್ಮ ಜಿಲ್ಲೆಗಳ ಎಷ್ಟೋ ಬಿ.ಎಸ್ಸಿ. ತರಗತಿಗಳಿಗೆ ಇನ್ನೂ ಮುಟ್ಟಿಲ್ಲ. ಮೆಡಿಕಲ್ ಸೀಟು ತಪ್ಪಿದ ಮೇಲೆ ಬಿ.ಇಡಿ., ಇಲ್ಲವೇ ಔಷಧ ಕಂಪನಿಯ ಕೆಲಸ. ಜೀವವಿಜ್ಞಾನ ಓದಿದವರ ಮುಂದೆ ಇರುವುದು ಇಷ್ಟೇ ಎಂದು ನಂಬಿದ ಮನೆಗಳು ಬಹಳ.

ಅಲ್ಲಿ ಅಧ್ಯಯನ ಮಾಡುವುದಾದರೂ ಏನನ್ನು? ಜೀವಕೋಶದೊಳಗಿನ ರೈಬೋಸೋಮನ್ನೇ ನೋಡಿ. ಡಿಎನ್‌ಎಯಿಂದ ಬಂದ ಸಂದೇಶವನ್ನು ಓದುತ್ತಾ, ಅಮೈನೋ ಆಮ್ಲಗಳನ್ನು ಒಂದೊಂದಾಗಿ ಸೇರಿಸಿ ಪ್ರೋಟೀನು ಕಟ್ಟುವುದು ಅದರ ಕೆಲಸ. ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಬೆರಳಿನ ವೇಗಕ್ಕೆ ನಾವು ಬೆರಗಾಗುತ್ತೇವೆ. ಬ್ಯಾಕ್ಟೀರಿಯಾದ ಒಂದು ರೈಬೋಸೋಮ್ ಸೆಕೆಂಡಿಗೆ 15ರಿಂದ 20 ಅಮೈನೋ ಆಮ್ಲ ಪೋಣಿಸುತ್ತದೆ. ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಇರಲಿ, ಡಾಕ್ಟರು ಬರೆದುಕೊಡುವ ಅಜಿತ್ರೊಮೈಸಿನ್ ಮಾತ್ರೆ ಇರಲಿ, ಎರಡೂ ಹೋಗಿ ಹಿಡಿಯುವುದು ಬ್ಯಾಕ್ಟೀರಿಯಾದ ರೈಬೋಸೋಮನ್ನೇ. ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಇದರ ಅಧ್ಯಯನ ಯಾರದೋ ಖಯಾಲಿಯಲ್ಲ.

ಲ್ಯಾಬಿನಲ್ಲಿ ಕೈಕೆಲಸ ಬಹಳ. ವಿದ್ಯಾರ್ಥಿ ಮೊದಲು ಇ.ಕೋಲಿ ಬ್ಯಾಕ್ಟೀರಿಯಾ ಬೆಳೆಸುತ್ತಾಳೆ, ಕೋಶಗಳನ್ನು ಒಡೆಯುತ್ತಾಳೆ. ಆ ಸಾರವನ್ನು ಸಕ್ಕರೆ ದ್ರಾವಣ ತುಂಬಿದ ಕೊಳವೆಯ ಮೇಲ್ಭಾಗಕ್ಕೆ ಹನಿಹನಿಯಾಗಿ ಬಿಡಬೇಕು. ದ್ರಾವಣ ತಳದಲ್ಲಿ ಗಟ್ಟಿ, ಮೇಲೆ ಬಂದಂತೆ ತೆಳು. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ಹಾಕುವ ಸೆಂಟ್ರಿಫ್ಯೂಜಿನಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ ರೈಬೋಸೋಮಿನ ಚಿಕ್ಕ ಭಾಗ 30ಎಸ್ ಮೇಲೆ, ದೊಡ್ಡ ಭಾಗ 50ಎಸ್ ಅದರ ಕೆಳಗೆ, ಇಡಿಯಾದ 70ಎಸ್ ಇನ್ನೂ ಕೆಳಗೆ ಬೇರೆಬೇರೆಯಾಗಿ ನಿಲ್ಲುತ್ತವೆ. ಮೆಗ್ನೀಸಿಯಂ ತೀರಾ ಕಡಿಮೆಯಾದರೆ 70ಎಸ್ ಎರಡಾಗಿ ಬೇರ್ಪಡುತ್ತದೆ. ಗ್ಲೌಸ್ ಇಲ್ಲದ ಬೆರಳು ತಗುಲಿತೋ, ಚರ್ಮದ ಮೇಲಿನ ಕಿಣ್ವ ಆರ್‌ಎನ್‌ಎಯನ್ನು ಕತ್ತರಿಸಿಹಾಕುತ್ತದೆ. ವಾರದ ದುಡಿಮೆ ನೀರುಪಾಲು. ಬೆಳಿಗ್ಗೆ ಎದ್ದು ಮತ್ತೆ ಇ.ಕೋಲಿ ಬೆಳೆಸುವುದರಿಂದ ಶುರು.

ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಜೀವಕೋಶ ವಿಜ್ಞಾನ ವಿಭಾಗದಲ್ಲಿ ಉಮೇಶ್ ವರ್ಷ್ನೇಯ ಅವರ ಲ್ಯಾಬ್ ವರ್ಷಾನುಗಟ್ಟಲೆ ಬೆನ್ನು ಹತ್ತಿದ ಪ್ರಶ್ನೆ ಕೇಳಲು ಪುಟ್ಟದು: ಅಮೈನೋ ಆಮ್ಲ ಹೊತ್ತು ತಂದು ಪ್ರೋಟೀನು ಕಟ್ಟುವ ಕೆಲಸ ಆರಂಭಿಸುವ ಟಿಆರ್‌ಎನ್‌ಎಯನ್ನು ರೈಬೋಸೋಮ್ ಹೇಗೆ ಗುರುತು ಹಿಡಿಯುತ್ತದೆ? ಆ ಅಣುವಿನಲ್ಲಿ ಸಾಲಾಗಿ ನಿಂತ ಮೂರೇ ಮೂರು ಜಿ–ಸಿ (ಗ್ವಾನಿನ್–ಸೈಟೋಸಿನ್) ಜೋಡಿಗಳ ಸುತ್ತ ಒಬ್ಬರದಲ್ಲ, ಹಲವು ವಿದ್ಯಾರ್ಥಿಗಳ ಶ್ರಮ ಬಿದ್ದಿದೆ. ಊರಿನ ಉತ್ತರ ಭಾಗದಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ, ಇಂಥ ಅಣುಗಳನ್ನು ಹಿಮಗಟ್ಟಿಸಿ ಚಿತ್ರ ತೆಗೆಯುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಇದೆ.

ಇಂಥ ಲ್ಯಾಬುಗಳ ಒಳಗೆ ಹೋಗುವ ದಾರಿಯೇನೂ ಗುಟ್ಟಲ್ಲ. ಎಂ.ಎಸ್ಸಿ. ಆದವರಿಗೆ ಸಿಎಸ್‌ಐಆರ್ ನೆಟ್, ಜೈವಿಕ ತಂತ್ರಜ್ಞಾನ ಇಲಾಖೆಯ ಬೆಟ್, ಗೇಟ್ ಪರೀಕ್ಷೆಗಳಿವೆ, ಆಮೇಲೆ ಸಂದರ್ಶನ. ಬಿ.ಎಸ್ಸಿ. ಮುಗಿಸಿದವರು ಜ್ಯಾಮ್ ಬರೆದು ಇಂಟಿಗ್ರೇಟೆಡ್ ಪಿಎಚ್‌.ಡಿ.ಗೆ ಸೇರಬಹುದು. ನೆಟ್ ಮೂಲಕ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. 2023ಕ್ಕೆ ಮೊದಲು ಇದು 31,000 ಮತ್ತು 35,000 ಇತ್ತು. ಹೆಚ್ಚಿಸಿ ಎಂದು ಸಂಶೋಧಕರು ಬೀದಿಗಿಳಿದು ಕೇಳಿದ್ದರು.

ಹಣದ ಮಾತು ಸಣ್ಣದಲ್ಲ. ರೈಬೋಸೋಮಿನ ರಚನೆ ಬಿಡಿಸಿ 2009ರಲ್ಲಿ ಥಾಮಸ್ ಸ್ಟೈಟ್ಜ್, ಅದಾ ಯೋನತ್ ಅವರೊಂದಿಗೆ ನೊಬೆಲ್ ಹಂಚಿಕೊಂಡ ವೆಂಕಿ ರಾಮಕೃಷ್ಣನ್ ವಡೋದರದಲ್ಲಿ ಬೆಳೆದವರು. ಅವರು ಮೆಡಿಕಲ್ ಬಿಟ್ಟು ಭೌತವಿಜ್ಞಾನಕ್ಕೆ ಹೋಗಲು ಅಪ್ಪನನ್ನು ಒಪ್ಪಿಸಿದ್ದು ರಾಷ್ಟ್ರೀಯ ವಿಜ್ಞಾನ ಪ್ರತಿಭಾ ವಿದ್ಯಾರ್ಥಿವೇತನ. ಭೌತವಿಜ್ಞಾನದಲ್ಲಿ ಪಿಎಚ್‌.ಡಿ. ಆದ ಮೇಲೆ ಮತ್ತೆ ಜೀವವಿಜ್ಞಾನದ ವಿದ್ಯಾರ್ಥಿಯಾಗಿ ತರಗತಿಯಲ್ಲಿ ಕೂತರು. ಅಧ್ಯಾಪಕ ಹುದ್ದೆಗೆ ಸುಮಾರು 50 ಅರ್ಜಿ ಹಾಕಿ ಬರಿಗೈಯಲ್ಲಿ ಉಳಿದದ್ದೂ ಉಂಟು.

ಕಹಿ ಸಂಗತಿಗಳನ್ನೂ ಹೇಳಲೇಬೇಕು. ಪಿಎಚ್‌.ಡಿ. ಐದಾರು ವರ್ಷ ಬೇಡುತ್ತದೆ, ಅದರ ನಂತರ ಕಾಯಂ ಹುದ್ದೆಗಳು ಕಡಿಮೆ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗುವುದುಂಟು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಬೇಕಾದ ಹಳ್ಳಿಯ ಹುಡುಗಿಗೆ ಇದು ಓದು ಬಿಡಿಸುವಷ್ಟು ದೊಡ್ಡ ಪೆಟ್ಟು. ಸಿಎಸ್‌ಐಆರ್ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಬರುತ್ತದೆ, ಕನ್ನಡದಲ್ಲಿ ಬರುವುದಿಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಇದು ಅನ್ಯಾಯ. ನಮ್ಮ ಸಂಸದರು ದೆಹಲಿಯಲ್ಲಿ ಇದನ್ನು ಎತ್ತಬೇಕು.

ಅದಾಗುವವರೆಗೆ ಪದವಿ ಕಾಲೇಜಿನ ಅಧ್ಯಾಪಕರು ಮಾಡಬಹುದಾದ ಕೆಲಸವೊಂದಿದೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಲ್ಲೇ ಇದೆ. ಅದು ಉಳಿದೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ಆಯ್ಕೆಯಾದವರಿಗೆ ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೆಲಸ, ಜೊತೆಗೆ ಸ್ಟೈಪೆಂಡ್. ಈ ವರ್ಷ ನಿಮ್ಮ ತರಗತಿಯ ಇಬ್ಬರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಿಸಿ. ಅದರ ಜೊತೆ ಅಧ್ಯಾಪಕರ ಶಿಫಾರಸು ಪತ್ರವೂ ಹೋಗಬೇಕು. ಅದನ್ನು ಬರೆಯಬೇಕಾದವರು ನೀವೇ.