ಬಂಗಾರವೂ ಭಂಗಾರವೂ

ಪುಣೆಗೆ ಹೊಸದಾಗಿ ಬಂದ ಕನ್ನಡದ ಮನೆಗಳಲ್ಲಿ ಒಂದು ನಗೆಮಾತು ತಪ್ಪದೆ ಹುಟ್ಟುತ್ತದೆ. ಬೆಳಗಿನ ಹತ್ತು ಗಂಟೆಗೆ ಕ್ಯಾಂಪಿನ ಓಣಿಯಲ್ಲಿ ಕೈಗಾಡಿ ತಳ್ಳಿಕೊಂಡು ಒಬ್ಬಾತ "ಭಂಗಾರ್, ಭಂಗಾರ್" ಎಂದು ಕೂಗುತ್ತ ಬರುತ್ತಾನೆ. ಊರಿನಿಂದ ಬಂದ ಅತ್ತೆಯವರು ಸೆರಗು ಸರಿಪಡಿಸಿಕೊಂಡು ಕಿಟಕಿಗೆ ಓಡಿ, "ಇದೇನ್ರೀ, ನಿಮ್ಮೂರಾಗ ಬಂಗಾರ ಕೈಗಾಡಿ ಮ್ಯಾಲ ಮಾರ್ತಾರ?" ಎಂದು ಬೆರಗಾಗುತ್ತಾರೆ. ಆತ ಮಾರುವವನಲ್ಲ, ಕೊಳ್ಳುವವನು. ಮರಾಠಿಯ ಭಂಗಾರವೆಂದರೆ ತುಕ್ಕುಹಿಡಿದ ಕಬ್ಬಿಣ, ಒಡಕು ಬಾಲದಿ, ರದ್ದಿ ಕಾಗದ. ಹುಬ್ಬಳ್ಳಿಯವರ ಮೋಡಕಾ, ಬೆಂಗಳೂರಿನವರ ಗುಜರಿ. ಎರಡಕ್ಕೂ ನಡುವೆ ಒಂದು ಮಹಾಪ್ರಾಣದಷ್ಟೇ ಅಂತರ. ಆ ಅಂತರವನ್ನು ಇನ್ನೊಬ್ಬರ ಮನೆಯಲ್ಲಿ ನಿರ್ಣಯಿಸಲು ಹೋಗಿ ನಾವು ಮಾಡಿದ ತಪ್ಪೊಂದನ್ನು ಈ ಸಂಚಿಕೆಯಲ್ಲಿ ಬರೆಯಬೇಕಾಗಿದೆ. ಸಂಬಂಧಪಟ್ಟವಳ ಒಪ್ಪಿಗೆ ಕೇಳಿದೆವು. "ಬರೀರಿ ಮಾವಶಿ, ಹೆಸರೊಂದು ಬ್ಯಾಡ" ಎಂದಳು.

ಸೆಂಟರ್ ಸ್ಟ್ರೀಟಿನ ಹಿಂದಿನ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ತಾಯಿ ಮಗಳು ಇಬ್ಬರೇ ಇದ್ದಾರೆ. ಕಟ್ಟಿಗೆಯ ಮೆಟ್ಟಿಲು, ಎರಡು ಕೋಣೆ, ಮೇಲೊಂದು ಪೋಟಮಾಳಾ. ತಂದೆ ಸೈನ್ಯದ ಲೆಕ್ಕಪತ್ರದ ಕಚೇರಿಯಲ್ಲಿದ್ದು, ವರ್ಗವಾದ ಊರಿಗೊಂದರಂತೆ ಟ್ರಂಕು ಕೂಡಿಸಿ, ಕಡೆಗೆ ಇಲ್ಲಿ ನೆಲೆನಿಂತು, ಇಲ್ಲಿಯೇ ತೀರಿಕೊಂಡರು. ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮವರ ಮನೆಯಲ್ಲಿ ಸಾಮಾನು ಹೇಗೆ ಬೆಳೆಯುತ್ತದೆಂಬುದು ಓದುಗರಿಗೆ ಗೊತ್ತಿದ್ದದ್ದೇ. ಅಜ್ಜಿಯ ಕೌದಿ, ಊರಿನ ಮನೆ ಪಾಲಾದಾಗ ಬಂದ ಹಂಡೆ, "ಮುಂದೆ ಊರಿಗೆ ಹೋದಾಗ ಬೇಕಾದೀತು" ಎಂದು ಕಟ್ಟಿಟ್ಟ ಗಂಟು. ಆ ಮುಂದೆ ಎಂಬುದು ಬರುವುದಿಲ್ಲ, ಗಂಟು ಹೋಗುವುದಿಲ್ಲ.

ಮಗಳಿಗೆ ನಲವತ್ತೊಂದು ವರ್ಷ. ಗಣಕಯಂತ್ರದ ಕೆಲಸ, ಆಫೀಸಿನಲ್ಲಿ ಅವಳ ಜಾಣತನಕ್ಕೆ ಬಹುಮಾನಗಳು ಬಂದಿವೆ. ಆದರೆ ಮನೆ! ನೆಲದ ಮೇಲೆ ಕಾಗದದ ರಾಶಿ, ಕುರ್ಚಿಯ ಮೇಲೆ ಅರಿವೆಯ ರಾಶಿ, ಹಾಸಿಗೆಯ ಅರ್ಧ ಪುಸ್ತಕಕ್ಕೆ, ಅರ್ಧ ಅವಳಿಗೆ. ಹುಬ್ಬಳ್ಳಿಯಲ್ಲಿರುವ ಅಣ್ಣ ಬಂದಾಗಲೆಲ್ಲ, "ನಮ್ಮ ತಂಗಿ ಕೇಳಕರ ಮ್ಯೂಜಿಯಂ ಇಟ್ಟಾಳ" ಎಂದು ನಗುತ್ತಿದ್ದ. ನಾವೂ ನಗುತ್ತಿದ್ದೆವು. (ದಿನಕರ ಕೇಳಕರರು ದೀಪ, ಅಡಕೊತ್ತು, ಬೀಗಗಳೆಂದು ಮನೆಬಳಕೆಯ 20,000ದಷ್ಟು ವಸ್ತುಗಳನ್ನು ಕೂಡಿಹಾಕಿ, ತೀರಿಹೋದ ಮಗ ರಾಜಾನ ಹೆಸರಿಟ್ಟು, 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ಸಂಗ್ರಹಾಲಯವದು. ಅಗಲಿದವರ ನೆನಪು ಸಾಮಾನಿನ ರೂಪ ತಾಳುವುದುಂಟೆಂದು ಆಗ ನಮಗೆ ಹೊಳೆಯಲಿಲ್ಲ.)

ಎರಡು ವರ್ಷದ ಹಿಂದೆ, ದಸರೆಗೆ ಮುನ್ನ, ಅವಳು ಕೆಲಸದ ಮೇಲೆ ನಾಲ್ಕು ದಿನ ಪರಸ್ಥಳಕ್ಕೆ ಹೋಗಿದ್ದಳು. ಅಣ್ಣ, ಅತ್ತಿಗೆ, ನಾವು ಸೇರಿ ಒಂದು ಹೂಟ ಹೂಡಿದೆವು. ಬರುವುದರೊಳಗೆ ಮನೆಯನ್ನು ಕನ್ನಡಿಯಂತೆ ಮಾಡಿ ಅವಳನ್ನು ಬೆರಗುಗೊಳಿಸಬೇಕು! ಭಂಗಾರದವನು ಮೂರು ಸಲ ಮೆಟ್ಟಿಲು ಹತ್ತಿ ಇಳಿದ. ತಾಯಿ ಮಂಚದ ಮೇಲೆ ಕುಳಿತು, "ಆಕೀನ್ನ ಕೇಳಿ ಮಾಡ್ರೆವಾ" ಎಂದು ಎರಡು ಸಲ ಅಂದರು. ನಮ್ಮ ಉತ್ಸಾಹದಲ್ಲಿ ಆ ಮಾತು ಯಾರಿಗೆ ಕೇಳಬೇಕು?

ಹುಡುಗಿ ಬಂದಳು. ಕೂಗಾಡಲಿಲ್ಲ. ಖಾಲಿಯಾದ ನೆಲವನ್ನು ನೋಡಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಅಡುಗೆಮನೆಯ ಕಡೆಗಿನ ರಾಶಿ ತಾಯಿಯ ಔಷಧದ ಚೀಟಿಗಳದು, ಕಿಟಕಿಯ ಕೆಳಗಿನದು ಬ್ಯಾಂಕಿನದು, ಬಾಗಿಲ ಬಳಿಯದು ಆ ತಿಂಗಳು ತುಂಬಬೇಕಾದ ಬಿಲ್ಲುಗಳದು ಎಂದು ಆಮೇಲೆ ತಿಳಿಯಿತು. ನಮಗೆ ಕಸವಾಗಿ ಕಂಡದ್ದು ಅವಳಿಗೆ ಕಪಾಟಾಗಿತ್ತು. ಇನ್ನೊಂದು ಇದಕ್ಕಿಂತ ದೊಡ್ಡದು. ತಂದೆ ತಮ್ಮ ಕೈಯಾರೆ ಕನ್ನಡದಲ್ಲಿ ಬರೆದಿಟ್ಟ ಮನೆಖರ್ಚಿನ ವಹಿಗಳು, ಹದಿನೇಳು ವರ್ಷದವು, ರದ್ದಿಯ ಜೊತೆ ತೂಕಕ್ಕೆ ಹೋಗಿದ್ದವು. ಬುಧವಾರ, ಭಾನುವಾರ ಮಂಗಳವಾರ ಪೇಟೆಯ ಜುನಾ ಬಾಜಾರದಲ್ಲಿ ಹಳೆಯ ಪುಸ್ತಕದವರು ಕೂಡುತ್ತಾರಷ್ಟೆ. ಮೂರು ವಾರ ಆಕೆ ಅಲ್ಲಿ ರಾಶಿಗಳನ್ನು ತಿರುವಿ ನೋಡಿ ಬಂದಳು. ಸಿಕ್ಕಲಿಲ್ಲ. ನಾಲ್ಕು ತಿಂಗಳಲ್ಲಿ ಮನೆ ಮೊದಲಿನಷ್ಟೇ ತುಂಬಿತು, ಒಂದು ಗೇಣು ಹೆಚ್ಚಾಗಿಯೇ ತುಂಬಿತು. ಬಾಗಿಲು ಮಾತ್ರ ನಮಗೆ ಮುಚ್ಚಿತು.

ಹೋದ ಶ್ರಾವಣದಲ್ಲಿ ತಾಯಿ ರಾತ್ರಿ ಎದ್ದು ಹೋಗುವಾಗ ಪತ್ರಿಕೆಯ ಕಟ್ಟಿಗೆ ಕಾಲು ತಾಗಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಕಳಿಸಬೇಕಾದರೆ ನಾಲ್ಕು ಕಾಲಿನ ವಾಕರು ಹಿಡಿದು ಮಂಚದಿಂದ ಬಚ್ಚಲಿಗೆ ನಡೆಯಲು ಮೂರಡಿ ಅಗಲದ ದಾರಿ ಬೇಕು ಎಂದರು ಆಸ್ಪತ್ರೆಯವರು. ಅಂದಿಗೆ ಹನ್ನೆರಡು ದಿನ ಉಳಿದಿತ್ತು. ಆ ರಾತ್ರಿ ನಮಗೆ ಫೋನು ಬಂತು. "ಮಾವಶಿ, ಎಲ್ಲಿಂದ ಶುರು ಮಾಡ್ಬೇಕು ತಿಳೀವಲ್ದು. ಬಾಗಲಾ ತಗದ ಕೂಡ್ಲೆ ತಲಿ ಬಂದ್ ಆಗ್ತದ."

ತಲೆ ಬಂದ್ ಆಗುವುದೆಂದರೇನೆಂದು ಅವಳ ಮನೋವೈದ್ಯರು ಕೆಲವು ತಿಂಗಳ ಹಿಂದೆಯೇ ಅವಳಿಗೆ ಬಿಡಿಸಿ ಹೇಳಿದ್ದರಂತೆ. ಇದಕ್ಕೆ ಎ.ಡಿ.ಎಚ್.ಡಿ. ಎಂದು ಹೆಸರು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಷ್ಟು ಹಿಂದೆಯೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಮಾಡಿದ್ದ. ಆದರೆ ಬಹುಕಾಲ ಎಲ್ಲರ ಕಣ್ಣು ಬಿದ್ದದ್ದು ಕುಳಿತಲ್ಲಿ ಕೂಡದ ತುಂಟ ಹುಡುಗರ ಮೇಲೆ. ತರಗತಿಯ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿಯರ ಮೇಲಲ್ಲ. ಆದುದರಿಂದಲೇ ಎಷ್ಟೋ ಹೆಣ್ಣುಮಕ್ಕಳಿಗೆ ಇದು ನಲವತ್ತರ ಸುಮಾರಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ 'ಸೋಮಾರಿ', 'ಗಲೀಜು' ಎಂಬ ಬಿರುದುಗಳು ಬಂದು ಹಳತಾಗಿರುತ್ತವೆ. ಒಂದು ರಾಶಿಯನ್ನು ತೆಗೆಯುವುದು ನಮಗೆ ಒಂದು ಕೆಲಸ. ಅವಳಿಗೆ ಅದರೊಳಗಿನ ನೂರು ವಸ್ತುಗಳೂ ನೂರು ಪ್ರಶ್ನೆಗಳಾಗಿ ಒಟ್ಟಿಗೆ ಎದ್ದು ನಿಲ್ಲುತ್ತವೆ. ಯಾವುದು ಮೊದಲು, ಎಷ್ಟು ಹೊತ್ತು, ಎಲ್ಲಿ ಇಡುವುದು ಎಂದು ಸಾಲುಹಚ್ಚುವ ಶಕ್ತಿಯೇ ಅಲ್ಲಿ ಸೊರಗಿರುತ್ತದೆ. ಸಾಮಾನು ಕೈಬಿಡುವುದೇ ಸಂಕಟವಾಗುವ ಇನ್ನೊಂದು ತೊಂದರೆ ಉಂಟು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು ಬೇರೆಯೇ ವ್ಯಾಧಿಯೆಂದು ಎಣಿಸಿತು. ಯಾವುದು ಯಾವುದೆಂದು ಹೇಳಬೇಕಾದವರು ವೈದ್ಯರು, ಅಣ್ಣತಮ್ಮಂದಿರಲ್ಲ, ಈ ಅಂಕಣ ಬರೆಯುವವರಂತೂ ಅಲ್ಲವೇ ಅಲ್ಲ.

ಈ ಸಲ ನಾವು ಬರಿಗೈಯಲ್ಲಿ ಹೋದೆವು. ಬರಿಗೈ ಎಂದರೆ ಸುಳ್ಳಾಯಿತು, ಅರ್ಧ ಕಿಲೋ ಅವರೆಕಾಯಿ ಒಯ್ದೆವು. ಅವಳಿಗೆ ಬೇಕಾದದ್ದು ಪಕ್ಕದಲ್ಲೊಬ್ಬರು ಸುಮ್ಮನೆ ಕುಳಿತಿರುವುದು. ಹಾಗೆ ಯಾರಾದರೂ ಇದ್ದರೆ ಮನಸ್ಸು ನಿಲ್ಲುತ್ತದೆಂದು ಹೇಳಿದ್ದಳು. ಇದರಲ್ಲಿ ಹೊಸದೇನು? ಶ್ಯಾವಿಗೆ ಹೊಸೆಯಲು, ಹಪ್ಪಳ ಲಟ್ಟಿಸಲು ನಮ್ಮ ಓಣಿಯ ಹೆಂಗಸರು ಒಂದೆಡೆ ಕೂಡುತ್ತಿರಲಿಲ್ಲವೆ? ಒಬ್ಬಳೇ ಕುಳಿತು ಇನ್ನೂರು ಹಪ್ಪಳ ಲಟ್ಟಿಸಿದವಳು ಯಾರಿದ್ದಾಳೆ? ಪರ ಊರಿನ ಎರಡು ಕೋಣೆಯ ಮನೆಗೆ ಬಂದಾಗ ಓಣಿ ಹಿಂದುಳಿಯಿತು, ಕೆಲಸ ಮಾತ್ರ ನಮ್ಮ ಬೆನ್ನುಹತ್ತಿ ಬಂತು.

ಮಂಚದಿಂದ ಬಚ್ಚಲವರೆಗೆ ಅಳತೆಪಟ್ಟಿ ಹಿಡಿದು, ರಾಶಿಗಳ ಸಂದಿಯಲ್ಲಿ ನೆಲ ಕಂಡಕಂಡಲ್ಲಿ, ಮೂರಡಿ ಅಂತರದಲ್ಲಿ ಎರಡು ಗೆರೆ ರಂಗೋಲಿ ಎಳೆದಳು. ಗೆರೆಯ ಒಳಗಿನದಷ್ಟೇ ಈಗಿನ ಕೆಲಸ, ಹೊರಗಿನದನ್ನು ನೋಡುವಂತಿಲ್ಲ. ಮೂರು ಬುಟ್ಟಿ: ಬೇಕು, ಬೇಡ, ಗೊತ್ತಿಲ್ಲ. ಎತ್ತುವವಳು ಅವಳು, ನಿರ್ಣಯ ಅವಳದು. ನಾವು ಅವರೆಕಾಯಿ ಸುಲಿಯುವವರು. ದಿನಕ್ಕೆ ಮುಕ್ಕಾಲು ಗಂಟೆ, ಗಡಿಯಾರದ ಗಂಟೆ ಬಾರಿಸಿದೊಡನೆ ಚಹಾ. ಸಂಜೆ ಸಂಜೆಗೆ ಕಾಗದ ಕೈಯಲ್ಲಿ ಹಿಡಿದಾಗ ನಾಲಗೆಯ ತುದಿಗೆ ಬಂದ "ಅದ್ಯಾತಕ್ಕ ಬೇಕವಾ ತಂಗಿ" ಎಂಬ ಮಾತನ್ನು ನುಂಗಿದೆವು. ನಮ್ಮ ಪಾಲಿನ ಕಷ್ಟವೆಂದರೆ ಇದೇ. ಐದನೆಯ ದಿನ ಏನೂ ಆಗಲಿಲ್ಲ. ತಂದೆಯ ಒಂದು ಪತ್ರ ಕೈಗೆ ಬಂತು, ಅದನ್ನು ಹಿಡಿದು ಮುಕ್ಕಾಲು ಗಂಟೆ ಕುಳಿತಳು. ಚಹಾ ಕುಡಿದು ಬಂದೆವು. ಪತ್ರಗಳನ್ನು ಓದದೆ ಒಂದು ಡಬ್ಬಿಗೆ ಹಾಕುವುದೆಂದು ಆರನೆಯ ದಿನ ಅವಳೇ ಕಟ್ಟಳೆ ಮಾಡಿದಳು.

ಬೇಕು ಎಂದದ್ದನ್ನು ಇಡುವುದೆಲ್ಲಿ? ಮನೆಯಲ್ಲಿ ಉಕ್ಕಿನ ಕಪಾಟುಗಳು ಎರಡಿವೆ, ಅರ್ಧ ಖಾಲಿ. "ಬಾಗಲಾ ಹಾಕಿದ್ರ ಅದು ಇಲ್ಲೇ ಇಲ್ಲ ಅನಸ್ತದ ನನಗ" ಎಂದಳು. ಕಣ್ಣಿಗೆ ಕಾಣದ್ದು ಅವಳ ನೆನಪಿನಿಂದಲೂ ಅಳಿದುಹೋಗುತ್ತದೆ. ಆದುದರಿಂದ ಎಲ್ಲವನ್ನೂ ನೆಲಕ್ಕೆ ಹರವುತ್ತಾಳೆ. ನಮಗೆ ಧಾರವಾಡದ ನಮ್ಮ ಅಜ್ಜಿಯ ಮನೆ ನೆನಪಾಯಿತು. ಅಲ್ಲಿ ಬಾಗಿಲಿದ್ದ ಕಪಾಟು ಒಂದೇ. ಉಳಿದದ್ದೆಲ್ಲ ಗೋಡೆಯ ಗೂಡು, ಗೂಟ, ತೂಗುಬಿಟ್ಟ ನೆಲುವು, ಪಾತ್ರೆ ಸಾಲಾಗಿ ಕೂಡುವ ನಾಗೊಂದಿಗೆ. ಯಾವುದು ಎಲ್ಲಿದೆಯೆಂದು ಕುಳಿತಲ್ಲಿಂದಲೇ ಕಾಣುತ್ತಿತ್ತು. ಬಡಗಿ ಬಂದು ಕಪಾಟಿನ ಬಾಗಿಲುಗಳನ್ನು ಕಳಚಿ, ಗೋಡೆಗೆ ಒಂಬತ್ತು ಗೂಟ ಹೊಡೆದು ಹೋದ. ಔಷಧದ ಚೀಟಿಗಳಿಗೆ ಒಂದು ಗೂಟ, ಬಿಲ್ಲಿಗೆ ಒಂದು.

ಮನೆಯಲ್ಲಿ ಇಂಥವರಿದ್ದು, ಮನಸ್ಸು ಕುಗ್ಗಿ, ಯಾರಿಗೆ ಹೇಳಬೇಕೆಂದು ತೋಚದಿದ್ದರೆ 14416 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಇದು. ಖರ್ಚಿಲ್ಲ, ಹಗಲು ರಾತ್ರಿ ಎನ್ನದೆ ಮಾತಾಡಬಹುದು, ಭಾಷೆಗಳಲ್ಲಿ ಕನ್ನಡವೂ ಉಂಟು. ಸಂತೆಯಲ್ಲಿ ಮರಾಠಿ ಸಾಗೀತು, ಆಫೀಸಿನಲ್ಲಿ ಇಂಗ್ಲಿಷು ಸಾಗೀತು; ಒಳಗಿನ ಸಂಕಟ ಹೇಳಿಕೊಳ್ಳಲು ತಾಯಿನುಡಿಯೇ ಬೇಕಾಗುತ್ತದೆ.

ಹನ್ನೆರಡನೆಯ ದಿನ ಸಂಜೆ ನಾಲ್ವರು ಕುರ್ಚಿ ಹೊತ್ತು ತಾಯಿಯನ್ನು ಮೇಲೆ ತಂದರು. ದಾರಿ ಎರಡು ಕಡೆ ಮೂರಡಿ ಇತ್ತು, ಬಚ್ಚಲ ಬಳಿ ಎರಡೂವರೆ. ವಾಕರು ಹಿಡಿದು ಅವರು ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಬಂದರು. ಗೆರೆಯ ಆಚೆಗೆ ಟ್ರಂಕುಗಳೂ ರಾಶಿಗಳೂ ಇದ್ದಂತೆಯೇ ಇವೆ. ಅಣ್ಣ ಅವುಗಳ ಕಡೆ ನೋಡಿ ಏನೋ ಹೇಳಹೋದ, ತಾಯಿ ಕಣ್ಣಲ್ಲೇ ಸುಮ್ಮನಿರಿಸಿದರು. ವಹಿಗಳ ಮಾತನ್ನು ನಾವೇ ತೆಗೆದು ತಪ್ಪೊಪ್ಪಿಕೊಂಡೆವು. "ಇರ್ಲಿ ಬಿಡ್ರಿ ಮಾವಶಿ" ಎಂದಳು. ಇರಲಿ ಎಂದದ್ದು ಹೌದು, ಮರೆತೆ ಎನ್ನಲಿಲ್ಲ.

'ಗೊತ್ತಿಲ್ಲ' ಬುಟ್ಟಿಗಳು ನಾಲ್ಕಾದವು. ಅಲ್ಲಿಯೇ ಇದ್ದರೆ ಮತ್ತೆ ದಾರಿಗೆ ಬಂದಾವೆಂದು, ಮೇಲೆ ತಾರೀಖು ಬರೆದು, ನಮ್ಮ ಮನೆಯಲ್ಲಿ ಇರಿಸಿದ್ದಾಳೆ. ಸಂಕ್ರಾಂತಿಯ ಮೇಲೆ ಬಂದು ನೋಡುತ್ತಾಳಂತೆ. ಅಲ್ಲಿಯವರೆಗೆ ನಮ್ಮ ದಿವಾನದ ಕೆಳಗೆ ಕಸಬರಿಗೆ ಆಡುವಂತಿಲ್ಲ, ನಮ್ಮ ಯಜಮಾನರು ದಿನಕ್ಕೊಮ್ಮೆ ಬಗ್ಗಿ ನೋಡಿ, "ಇವು ಯಾರವು?" ಎಂದು ಕೇಳುತ್ತಾರೆ.